ಓಂಕಾರಮೂರ್ತಿಯ ಹನ್ನೊಂದು ಇಂಚು

ಬಾಳೂರಿನ ಓಂಕಾರಮೂರ್ತಿಗೆ ಕುಡಿತ, ಇಸ್ಪೀಟು, ಹೊಗೆಸೊಪ್ಪು ಯಾವುದರ ಚಟವೂ ಇರಲಿಲ್ಲ. ಇದ್ದದ್ದು ಒಂದೇ. ತನ್ನ ತೋಟದಲ್ಲಿ ಬಿದ್ದ ಮಳೆಗೆ ಅವನು ಒಂದಿಷ್ಟು ಸೇರಿಸಿ ಹೇಳುತ್ತಿದ್ದ.

ಇದು ಜೈಲಿಗೆ ಹಾಕುವಂಥ ಅಪರಾಧವೇನಲ್ಲ. ಆ ಕಡೆಯ ಕಾಫಿ ಬೆಳೆಗಾರರ ಮನೆಯಂಗಳದಲ್ಲೆಲ್ಲ ಒಂದೊಂದು ಮಳೆಮಾಪಕ ಇರುತ್ತದೆ. ಅದಕ್ಕೆ ಗೇಜು ಅನ್ನುತ್ತಾರೆ. ಬೆಳಗ್ಗೆ ಎಂಟಕ್ಕೆ ಗೇಜಿನ ನೀರನ್ನು ಅಳತೆಯ ಗ್ಲಾಸಿಗೆ ಸುರಿದು, ಇಂಚಿಗೆ ನೂರು ಸೆಂಟ್ಸಿನ ಲೆಕ್ಕದಲ್ಲಿ ಇಷ್ಟು ಇಂಚು ಇಷ್ಟು ಸೆಂಟ್ಸು ಎಂದು ನೋಡಿ, ಬೆಳೆಗಾರರ ವಾಟ್ಸಾಪ್ ಗುಂಪಿಗೆ ಹಾಕಿದ ಮೇಲೇ ತಿಂಡಿ. ದಾರಿಯಲ್ಲಿ ಎದುರಾದವರು ಊಟವಾಯಿತೇ ಎಂದು ಕೇಳುವುದಿಲ್ಲ, ‘ನಿಮ್ಮಲ್ಲೆಷ್ಟು?’ ಎಂದು ಕೇಳುತ್ತಾರೆ. ಅದಕ್ಕೆ ಸಣ್ಣ ಸಂಖ್ಯೆ ಹೇಳಬೇಕಾಗಿ ಬಂದವನ ಮುಖ, ಮಗ ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದ ಅಪ್ಪನ ಮುಖದಂತಾಗುತ್ತದೆ. ಹೀಗಾಗಿ ಗುಂಪಿನಲ್ಲಿ ಬೀಳುವ ಮಳೆ ಆಕಾಶದಿಂದ ಬೀಳುವ ಮಳೆಗಿಂತ ಸದಾ ಸ್ವಲ್ಪ ಜಾಸ್ತಿಯೇ.

ಓಂಕಾರಮೂರ್ತಿಯ ಜಾಗದ ಕೆಳಗಿನ ತೋಟ ವೆಂಕಟರಾಮನದು. ಓಂಕಾರಮೂರ್ತಿ ತನ್ನ ಮಳೆ ಹಾಕಿದ ಐದೇ ನಿಮಿಷಕ್ಕೆ ವೆಂಕಟರಾಮ ಅದಕ್ಕಿಂತ ಇಪ್ಪತ್ತು ಸೆಂಟ್ಸು ಹೆಚ್ಚಿಗೆ ಹಾಕುತ್ತಿದ್ದ. ಒಂದೇ ಗುಡ್ಡ, ಒಂದೇ ಮೋಡ, ನಡುವೆ ಒಂದು ಬೇಲಿ. ಬೇಲಿಯ ಆಚೆ ಮಾತ್ರ ದಿನಾ ಇಪ್ಪತ್ತು ಸೆಂಟ್ಸು ಹೆಚ್ಚು ಸುರಿಯಲು ಮೋಡಕ್ಕೇನು ದರ್ದು? ಓಂಕಾರಮೂರ್ತಿ ಒಂದೆರಡು ವರ್ಷ ಸಹಿಸಿದ. ಆಮೇಲೆ ತಾನೂ ಸೇರಿಸತೊಡಗಿದ. ಕಳೆದ ವರ್ಷ ಆಶ್ಲೇಷ ಮಳೆ ಗುಡ್ಡವೇ ಕರಗುವಂತೆ ಹೊಡೆದ ದಿನ ವೆಂಕಟರಾಮ ಅವಸರಪಟ್ಟು ಮೊದಲೇ ಹತ್ತೂವರೆ ಇಂಚು ಎಂದು ಹಾಕಿಬಿಟ್ಟ. ಓಂಕಾರಮೂರ್ತಿಯ ಗ್ಲಾಸಿನಲ್ಲಿ ಇದ್ದದ್ದು ಏಳು. ಅವನು ಗುಂಪಿಗೆ ಹಾಕಿದ್ದು ಹನ್ನೊಂದು. ಆ ಹನ್ನೊಂದನ್ನು ಯಾರೂ ಮೀರಲಿಲ್ಲ. ಒಂದು ವರ್ಷ ಪೂರ್ತಿ ಅವನು ಮದುವೆಮನೆಗಳಲ್ಲಿ, ಸೊಸೈಟಿಯ ಜಗಲಿಯಲ್ಲಿ ಆ ಹನ್ನೊಂದರ ಮೇಲೇ ಬದುಕಿದ.

ಅದರ ಫಲ ಅನುಭವಿಸುವ ದಿನ ಈ ಜುಲೈನಲ್ಲಿ ಬಂತು.

ಕಳಸದ ರಸ್ತೆಯ ತಿರುವಿನಲ್ಲಿ, ವೆಂಕಟರಾಮನ ಬೇಲಿಗೆ ತಾಗಿಕೊಂಡೇ, ಓಂಕಾರಮೂರ್ತಿಗೆ ಒಂದು ತುಂಡು ಜಾಗವಿತ್ತು. ಅವನ ಹೆಂಡತಿ ಗಿರಿಜಾಂಬಾ ಅಲ್ಲಿ ಟಾರ್ಪಾಲು ಕಟ್ಟಿಕೊಂಡು ಪ್ರವಾಸಿಗರಿಗೆ ಕಾಫಿ, ಕಡುಬು ಮಾರುತ್ತಿದ್ದಳು. ಕಡುಬಿಗೆ ಹೆಸರು ಬಂದಿತ್ತು, ಟಾರ್ಪಾಲಿಗೆ ಬಂದಿರಲಿಲ್ಲ. ಗಾಳಿಗೆ ಅದು ಹಾರಿಹೋದಾಗಲೆಲ್ಲ ಆಕೆ ಗುಡ್ಡ ಇಳಿದು ಹುಡುಕಿ ತರುತ್ತಿದ್ದಳು. ಈ ಸಲ ಗೋಡೆ, ಮಾಡು, ಬಾಗಿಲು ಇರುವ ಅಂಗಡಿಯೇ ಆಗಬೇಕೆಂದು ಪಟ್ಟು ಹಿಡಿದಿದ್ದಳು. ಮದುವೆಯಾದಾಗಿನಿಂದ ಆಕೆ ಗಂಡನಲ್ಲಿ ಬಾಯಿಬಿಟ್ಟು ಕೇಳಿದ್ದು ಇದೊಂದೇ ಎಂಬುದು ಓಂಕಾರಮೂರ್ತಿಗೂ ಗೊತ್ತಿತ್ತು.

ಕಟ್ಟಬೇಕಾದರೆ ಯೋಜನಾ ಪ್ರಾಧಿಕಾರದ ಅನುಮತಿ ಬೇಕು. ಅನುಮತಿಗೆ ಎಂಜಿನಿಯರ್ ಬಂದು ಜಾಗ ನೋಡಿ ವರದಿ ಕೊಡಬೇಕು. ಮಳೆಯ ದೆಸೆಯಿಂದ ಆ ಭೇಟಿ ಮುಂದೆ ಹೋಗಿ ಹೋಗಿ, ಕೊನೆಗೆ ಬೆಳಗ್ಗೆ ಸ್ಥಳ ಪರಿಶೀಲನೆ, ಅದೇ ಮಧ್ಯಾಹ್ನ ಮೂಡಿಗೆರೆಯಲ್ಲಿ ಸಭೆ ಎಂದಾಯಿತು. ಈ ಸಭೆ ತಪ್ಪಿದರೆ ಮುಂದಿನದು ಯಾವಾಗ ಎಂಬುದು ಅಧ್ಯಕ್ಷರಿಗೂ ಗೊತ್ತಿರಲಿಲ್ಲ.

ಬಂದ ಎಂಜಿನಿಯರ್ ವರ್ಷಿಣಿ ಎಂಬ ತರುಣಿ. ಗಮ್‌ಬೂಟು, ರೇನ್‌ಕೋಟು ಹಾಕಿಕೊಂಡು, ರಕ್ತ ಹೀರುವ ಇಂಬಳಕ್ಕೂ ಹೆದರದೆ ಗುಡ್ಡ ಹತ್ತಿ ಇಳಿದು ಟೇಪು ಹಿಡಿದಳು. ಆಮೇಲೆ ಗುಡ್ಡದ ಕಡೆ ಕೈ ತೋರಿಸಿ ಕೇಳಿದಳು.

“ಮೇಲಿನ ನೀರೆಲ್ಲ ಈ ಜಾಗದ ಮೇಲೇ ಇಳೀತದಲ್ಲ ಸರ್. ಜೋರು ಮಳೆ ಅಂದ್ರೆ ಒಂದು ದಿನಕ್ಕೆ ಎಷ್ಟು ಬೀಳ್ತದೆ ಇಲ್ಲಿ?”

ನಕ್ಷೆ ಬರೆದುಕೊಟ್ಟ ಪ್ರಶಾಂತ್ ಮೊದಲೇ ಎಚ್ಚರಿಸಿದ್ದ: ಎಂಜಿನಿಯರು ಏನು ಕೇಳಿದರೂ ಕಡಿಮೆ ಹೇಳಿ. ಓಂಕಾರಮೂರ್ತಿಯೂ ಏನೋ ಜಿಟಿಜಿಟಿ ಅಂತ ಹನೀತದೆ ಮೇಡಂ ಎನ್ನಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಬೇಲಿಯ ತಡಮೆ ದಾಟಿ, ಕೊಡೆ ಹಿಡಿದುಕೊಂಡು ವೆಂಕಟರಾಮ ಬಂದು ನಿಂತ. ವೆಂಕಟರಾಮನ ಎದುರಿಗೆ ಜಿಟಿಜಿಟಿ ಎನ್ನುವುದು ಓಂಕಾರಮೂರ್ತಿಯಿಂದ ಆಗುವ ಕೆಲಸವಾಗಿರಲಿಲ್ಲ.

“ಹನ್ನೊಂದು ಇಂಚು ಮೇಡಂ,” ಅಂದ. “ಕಳೆದ ಆಶ್ಲೇಷದಲ್ಲಿ. ಈ ಇಡೀ ಭಾಗದಲ್ಲೇ ಅಷ್ಟು ಬಿದ್ದದ್ದು ನಮ್ಮಲ್ಲೊಂದೇ.”

ಗಿರಿಜಾಂಬಾ ಹಿಂದಿನಿಂದ ಅವನ ಅಂಗಿಯ ಚುಂಗು ಎಳೆದಳು. ಅವನಿಗೆ ತಿಳಿಯಲಿಲ್ಲ.

ವೆಂಕಟರಾಮ ಬಂದದ್ದು ತಕರಾರು ಸಲ್ಲಿಸಲು. ಮೇಲೆ ಕಟ್ಟಡವಾದರೆ ನೀರೆಲ್ಲ ತನ್ನ ತೋಟಕ್ಕೆ ನುಗ್ಗುತ್ತದೆ ಎಂಬುದು ಅವನ ತಕರಾರು. ಹಾಗಿದ್ದಮೇಲೆ ಹನ್ನೊಂದು ಇಂಚು ಕೇಳಿ ಅವನು ಹಿಗ್ಗಬೇಕಿತ್ತು. ಆದರೆ ತನ್ನ ಹತ್ತೂವರೆಯ ಎದುರು ಇನ್ನೊಬ್ಬನ ಹನ್ನೊಂದನ್ನು ಅವನು ಸಹಿಸುವುದುಂಟೇ?

“ಹನ್ನೊಂದೆಲ್ಲ ಎಲ್ಲಿಂದ ಬರ್ಬೇಕು ಮೇಡಂ. ನಮ್ಮಲ್ಲಿ ಅವತ್ತು ಗೇಜು ತುಂಬಿ ಚೆಲ್ಲಿತ್ತು. ಚೆಲ್ಲಿದ್ದು ಬಿಟ್ಟು ಹತ್ತೂವರೆ.”

“ಚೆಲ್ಲಿದ್ದು ಲೆಕ್ಕಕ್ಕೆ ಬರಲ್ಲ ವೆಂಕಟರಾಮಣ್ಣ.”

“ಲೆಕ್ಕಕ್ಕೆ ಬರದಿದ್ರೂ ನೀರು ನೀರೇ ಅಲ್ವಾ ಮಾರಾಯ್ರೆ. ಇವರ ಜಾಗದ ನೀರು ನನ್ನ ತೋಟಕ್ಕೆ ಬರ್ತದೆ ಅಂತ ಅರ್ಜಿ ಬರ್ಕೊಂಡು ಬಂದಿದ್ದೆ ಮೇಡಂ. ನೋಡಿದ್ರೆ ಹೆದರೋ ಅಷ್ಟು ನೀರೇನೂ ಇವರಲ್ಲಿ ಇದ್ದಂಗಿಲ್ಲ.”

ಬುದ್ಧಿ ಇದ್ದವನು ಇಲ್ಲಿಗೆ ಕೈಮುಗಿದು ಸುಮ್ಮನಾಗುತ್ತಿದ್ದ. ತಕರಾರುದಾರ ತಾನೇ ತಕರಾರು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ. ಓಂಕಾರಮೂರ್ತಿಗೆ ಮೈಯೆಲ್ಲ ಉರಿದುಹೋಯಿತು.

“ಯಾಕಿಲ್ಲ? ನಮ್ಮ ನೀರು ಬಿಟ್ರೆ ನಿಮ್ಮ ತೋಟ ಬುಡಸಮೇತ ಕೊಚ್ಚಿಕೊಂಡು ಹೋಗ್ತದೆ, ತಿಳ್ಕೊಳ್ಳಿ. ಮೇಡಂ, ಬೇಕಾದ್ರೆ ಬರ್ಕೊಳ್ಳಿ.”

ವರ್ಷಿಣಿ ಫೋನು ನೋಡಿ ತಲೆಯಾಡಿಸಿ ಬರೆದುಕೊಂಡಳು. ಗಿರಿಜಾಂಬಾ ಅಂಗಿಯ ಚುಂಗನ್ನು ಬಿಟ್ಟು ಕಡುಬು ಬೇಯಿಸಲು ಟಾರ್ಪಾಲಿನೊಳಗೆ ಹೋದಳು.

ಕಡುಬು ತಿನ್ನುತ್ತ ವರ್ಷಿಣಿ ಕಾಗದದ ಮೇಲೆ ಗೆರೆ ಎಳೆದು ತೋರಿಸಿದಳು. ಗುಡ್ಡದ ಬದಿಗೆ ಇಷ್ಟಗಲದ ಚರಂಡಿ. ಅದರ ಒತ್ತಿಗೆ ತಡೆಗೋಡೆ. ರಸ್ತೆಯ ಕಡೆ ಬಿಡಬೇಕಾದ ಜಾಗ, ಇಳಿಜಾರಿನ ಕಡೆ ಬಿಡಬೇಕಾದ ಜಾಗ. ಪ್ರತಿ ಗೆರೆಗೂ ಅಂಗಡಿ ಸಣ್ಣದಾಗುತ್ತ ಬಂತು. ಮೊದಲು ಮೇಜುಗಳು ಹೋದವು, ಆಮೇಲೆ ಅಡುಗೆಮನೆ ಹೋಯಿತು. ಕೊನೆಗೆ ಉಳಿದ ಪಟ್ಟಿಯಲ್ಲಿ ಗಿರಾಕಿಯೊಬ್ಬ ನಿಂತು ಕಾಫಿ ಕುಡಿಯಬಹುದಿತ್ತು, ಕುಡಿದು ಆ ಕಡೆ ಈ ಕಡೆ ತಿರುಗುವ ಹಾಗಿರಲಿಲ್ಲ.

“ಇಷ್ಟು ದೊಡ್ಡ ಚರಂಡಿ ಎಂತಕ್ಕೆ ಮೇಡಂ?” ಓಂಕಾರಮೂರ್ತಿ ಕೇಳಿದ.

“ಹನ್ನೊಂದು ಇಂಚಲ್ವಾ ಸರ್.”

“ಮಳೆ ಸ್ವಲ್ಪ ಕಡಿಮೆ ಆದ್ರೆ? ಸುಮ್ಮನೆ ಕೇಳಿದೆ.”

“ಏಳು, ಏಳೂವರೆಗಾದ್ರೆ ಮಾಮೂಲಿ ಚರಂಡಿ ಸಾಕಾಗ್ತಿತ್ತು. ಅಂಗಡಿ ಆರಾಮಾಗಿ ಬರ್ತಿತ್ತು.” ವರ್ಷಿಣಿ ಇನ್ನೊಂದು ಕಡುಬು ಹಾಕಿಸಿಕೊಂಡಳು. “ಚೆನ್ನಾಗಿದೆ ಅಮ್ಮ. ನೀವು ಅಂಗಡಿ ಮಾಡ್ಬೇಕು.”

ಮಧ್ಯಾಹ್ನ ಮೂಡಿಗೆರೆಗೆ ಹೋಗುವ ಜೀಪಿನಲ್ಲಿ ಗಂಡಹೆಂಡಿರು ಒತ್ತಿಕೊಂಡು ಕೂತಿದ್ದರು. ಜಾಗ ಇಲ್ಲದ್ದಕ್ಕೆ ಒತ್ತಿಕೊಂಡಿದ್ದರೇ ಹೊರತು ಪ್ರೀತಿಗಲ್ಲ.

“ಸುಮ್ಮನಿರೋಕೆ ಆಗ್ಲಿಲ್ವಾ ನಿಮಗೆ?” ಗಿರಿಜಾಂಬಾ ಕೇಳಿದ್ದು ಇಷ್ಟೇ.

ಓಂಕಾರಮೂರ್ತಿಗೆ ಅದು ಹನ್ನೊಂದಲ್ಲ, ಏಳು ಎಂದು ಹೇಳಿಬಿಡುವ ಮನಸ್ಸಾಯಿತು. ಆದರೆ ಜೀಪಿನ ಡ್ರೈವರಿಗೂ ಸಣ್ಣ ತೋಟವಿತ್ತು, ಅವನೂ ಗುಂಪಿನಲ್ಲಿದ್ದ. ಅದಕ್ಕಿಂತ ಹೆಚ್ಚಾಗಿ ಒಂದು ವರ್ಷದಿಂದ ಹೆಂಡತಿಯ ಮುಂದೆಯೂ ಅದೇ ಹನ್ನೊಂದನ್ನು ಹೊತ್ತು ಮೆರೆದಿದ್ದ. ಕಿಟಕಿಯ ಹೊರಗೆ ಸುರಿಯುತ್ತಿದ್ದ ಮಳೆಯನ್ನು ನೋಡುತ್ತ, ಈ ಸುಡುಗಾಡು ನೀರನ್ನು ತಾನು ಯಾಕೆ ಅಳೆಯಲು ಹೋದೆ ಎಂದು ಕೇಳಿಕೊಂಡ. ಬೇರೆ ಊರಿನವರು ಮಳೆ ಬಂದರೆ ಒಳಗೆ ಹೋಗಿ ಕೂರುತ್ತಾರೆ. ತಾನೊಬ್ಬ ಗ್ಲಾಸು ಹಿಡಿದು ಹೊರಗೆ ಓಡುವವನು. ತನ್ನಂಥ ಪೆದ್ದನಿಗೆ ಈ ಹೆಂಗಸು ಹೇಗೆ ಸಿಕ್ಕಳೋ ಎಂದುಕೊಂಡು ಪಕ್ಕಕ್ಕೆ ನೋಡಿದ. ಆಕೆ ಕಣ್ಣು ಮುಚ್ಚಿ ಕೂತಿದ್ದಳು.

ಸಭೆಯ ಕೋಣೆಯೊಳಗೆ ಅರ್ಜಿದಾರನಿಗೆ ಮಾತ್ರ ಪ್ರವೇಶ ಎಂದು ಗಿರಿಜಾಂಬಾಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ವೆಂಕಟರಾಮ ತಕರಾರುದಾರನ ಕುರ್ಚಿಯಲ್ಲಿ ಮೊದಲೇ ಹಾಜರಿದ್ದ. ಪ್ರಾಧಿಕಾರದ ಅಧ್ಯಕ್ಷ ಚನ್ನಬಸವ ಅವರು ಜಾವಳಿ ಕಡೆಯ ಬೆಳೆಗಾರರು, ಗುಂಪಿನಲ್ಲಿ ಅವರ ಮಳೆಗೂ ಒಳ್ಳೆಯ ಹೆಸರಿತ್ತು. ಸಭೆ ಶುರುವಾಗುವ ಮೊದಲು ಎಲ್ಲ ಸದಸ್ಯರೂ ಒಬ್ಬರನ್ನೊಬ್ಬರು ‘ನಿಮ್ಮಲ್ಲೆಷ್ಟು?’ ಎಂದು ಕೇಳಿ ಮುಗಿಸಿದರು. ಆಮೇಲೆ ವರ್ಷಿಣಿ ತಾಂತ್ರಿಕ ವರದಿ ಓದಿದಳು.

“ಅಂದ್ರೆ ಕಟ್ಟೋಕೆ ಎಷ್ಟು ಜಾಗ ಉಳೀತಮ್ಮ?” ಅಧ್ಯಕ್ಷರು ಕೇಳಿದರು.

“ನಾಲ್ಕಡಿ ಅಗಲ ಸರ್.”

“ನಾಲ್ಕಡೀಲಿ ಎಂತ ಕಟ್ತಾರೆ?”

“ಕಾಂಪೌಂಡು ಕಟ್ಬಹುದು ಸರ್.”

ಓಂಕಾರಮೂರ್ತಿ ಎದ್ದು ನಿಂತ. “ಅಧ್ಯಕ್ಷರೇ, ಆ ಹನ್ನೊಂದು ಇಂಚಿನ ವಿಷಯ. ಅವತ್ತು ಗಾಳಿ ಜಾಸ್ತಿ ಇತ್ತು. ಪಕ್ಕದ ತೋಟದ ಮಳೆನೂ ಸ್ವಲ್ಪ ಹಾರಿ ನಮ್ಮ ಗೇಜಿಗೆ ಬಿದ್ದಿರಬಹುದು.”

“ನನ್ನ ಮಳೆಯಾ?” ವೆಂಕಟರಾಮ ಎದ್ದ.

“ಗಾಳಿಗೆ ಮಳೆ ಹಾರಿದ್ರೂ ಬಿದ್ದದ್ದು ನಿಮ್ಮಲ್ಲೇ ಅಲ್ವಾ ಮಾರಾಯಾ,” ಎಂದರು ಅಧ್ಯಕ್ಷರು.

“ಅದೂ ಅಲ್ದೆ ಗೇಜಿನೊಳಗೆ ಅವತ್ತು ಒಂದು ಕಪ್ಪೆ ಇತ್ತು. ಕಪ್ಪೆ ಕೂತರೆ ನೀರು ಮೇಲೆ ಬರ್ತದಲ್ಲ.”

ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಎಷ್ಟು ಇಂಚಿನ ಕಪ್ಪೆ?”

ಓಂಕಾರಮೂರ್ತಿ ಮನಸ್ಸಿನಲ್ಲೇ ಹನ್ನೊಂದರಿಂದ ಏಳು ಕಳೆದ. ನಾಲ್ಕು ಇಂಚು ನೀರೇರಿಸುವ ಕಪ್ಪೆ ಗೇಜಿನೊಳಗೆ ಹೊಕ್ಕೀತು ಎಂದು ನಂಬಿಸುವುದು ಕಷ್ಟ ಅನ್ನಿಸಿತು. ಸಭೆಯಲ್ಲಿ ಆಗಲೇ ನಗು ಎದ್ದಿತ್ತು. ಅರ್ಧ ತೆರೆದ ಬಾಗಿಲಿನಿಂದ ಹೊರಗಿನ ಬೆಂಚು ಕಾಣುತ್ತಿತ್ತು. ಗಿರಿಜಾಂಬಾ ಒದ್ದೆ ಸೆರಗನ್ನು ಹಿಂಡುತ್ತ ಕೂತಿದ್ದಳು. ಬೆಳಗ್ಗೆಯಿಂದ ಎಲ್ಲರಿಗೂ ಕಡುಬು ಬಡಿಸಿ ಆಕೆ ತಾನು ತಿಂದಿರಲಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಯಾರ ಮುಂದೆ ಮೆರೆಯಬೇಕೆಂದು ಆ ಹನ್ನೊಂದನ್ನು ಕಾಪಾಡಿಕೊಂಡು ಬಂದಿದ್ದನೋ ಅವರೆಲ್ಲರೂ ಈಗ ಎದುರಿಗೇ ಇದ್ದರು. ಹೋಗಲಿ, ಎಲ್ಲ ಒಟ್ಟಿಗೇ ಹೋಗಲಿ ಎಂದುಕೊಂಡ.

“ಕಪ್ಪೆ ಇರಲಿಲ್ಲ ಅಧ್ಯಕ್ಷರೇ,” ಅಂದ. “ಅವತ್ತು ನಮ್ಮಲ್ಲಿ ಬಿದ್ದದ್ದು ಏಳು ಇಂಚು. ನಾಲ್ಕು ನಾನೇ ಸೇರಿಸಿದ್ದು.”

ನಗು ನಿಂತುಹೋಯಿತು. ಸದಸ್ಯರು ಒಬ್ಬೊಬ್ಬರಾಗಿ ತಮ್ಮ ಮುಂದಿನ ಕಾಗದಗಳನ್ನು ನೋಡತೊಡಗಿದರು. ಪ್ರತಿಯೊಬ್ಬನ ಅಂಗಳದಲ್ಲೂ ಒಂದು ಗೇಜಿತ್ತು.

“ಸರ್, ಒಂದು ನಿಮಿಷ,” ವರ್ಷಿಣಿ ಏನೋ ಹೇಳಹೊರಟಳು.

“ಇರಮ್ಮ, ಅವರು ಒಪ್ಕೊಳ್ತಿದ್ದಾರೆ,” ಎಂದು ಅಧ್ಯಕ್ಷರು ಕೈ ಅಡ್ಡ ಹಿಡಿದರು.

“ಅವತ್ತೊಂದೇ ಅಲ್ಲ,” ಓಂಕಾರಮೂರ್ತಿ ಮುಂದುವರಿಸಿದ. ಬಾಯಿ ಬಿಟ್ಟಮೇಲೆ ಅವನಿಗೆ ಒಂದು ಥರ ಹಗುರವೆನಿಸತೊಡಗಿತ್ತು. “ದಿನಾ ಸೇರಿಸ್ತೀನಿ. ನಮ್ಮ ಮಳೆ ಅಂಥದ್ದೇನೂ ಅಲ್ಲ. ನಿಜ ಹೇಳ್ಬೇಕಂದ್ರೆ ಈ ಭಾಗದಲ್ಲಿ ಎಲ್ಲರಿಗಿಂತ ಕಡಿಮೆ ಬೀಳೋದೇ ನಮ್ಮಲ್ಲಿ ಇರಬೇಕು.”

ವೆಂಕಟರಾಮ ಎದೆಯ ಮೇಲೆ ಕೈಯಿಟ್ಟುಕೊಂಡ. “ಇಷ್ಟು ವರ್ಷ ನಮ್ಮ ಕಣ್ಣಿಗೆ ಮಣ್ಣೆರಚಿದ್ರಲ್ಲ ಮೂರ್ತಿಯವ್ರೇ. ನಾನಂತೂ ಒಂದು ಸೆಂಟ್ಸು ಆಚೀಚೆ ಮಾಡಿದವನಲ್ಲ.” ಅಷ್ಟು ಹೇಳುವಾಗ ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಇದು ನಡಾವಳಿಗೆ ಹೋಗ್ಲಿ,” ಎಂದರು ಅಧ್ಯಕ್ಷರು ಗುಮಾಸ್ತನಿಗೆ. “ತಮ್ಮಲ್ಲಿ ಮಳೆ ಕಡಿಮೆ ಅಂತ ಅರ್ಜಿದಾರರು ಸ್ವಂತ ಇಚ್ಛೆಯಿಂದ ಒಪ್ಪಿಕೊಂಡಿದ್ದಾರೆ. ಸಹಿ ಹಾಕ್ಸಿ.” ಓಂಕಾರಮೂರ್ತಿ ಸಂತೋಷದಿಂದಲೇ ಸಹಿ ಹಾಕಿದ. “ಈಗ ಹೇಳಮ್ಮ ವರ್ಷಿಣಿ. ಏಳು ಇಂಚಿಗೆ ಚರಂಡಿ ಸಣ್ಣದಾಗ್ತದಲ್ಲ?”

“ಆಗಲ್ಲ ಸರ್,” ಅಂದಳು ವರ್ಷಿಣಿ. “ಅದನ್ನೇ ಹೇಳೋಕೆ ಹೊರಟಿದ್ದೆ. ಅರ್ಜಿದಾರರು ಬಾಯಲ್ಲಿ ಹೇಳಿದ ಮಳೆನ ನಾವು ಲೆಕ್ಕಕ್ಕೆ ತಗೊಳ್ಳೋ ಹಾಗೇ ಇಲ್ಲ. ಅವರ ಊರಿನ ಪಂಚಾಯ್ತಿ ಹಿಂದೆ ಸರ್ಕಾರದ ಸ್ವಯಂಚಾಲಿತ ಮಳೆಮಾಪಕ ಇದೆಯಲ್ಲ, ಅದರ ಲೆಕ್ಕದ ಮೇಲೇ ವರದಿ ಮಾಡಿದ್ದು.”

“ಅದರಲ್ಲಿ ಅವತ್ತೆಷ್ಟು?”

“ಹನ್ನೊಂದು ಇಂಚು ಸರ್. ಸರಿಯಾಗಿ.”

ಪಂಚಾಯ್ತಿ ಕಟ್ಟಡ ಓಂಕಾರಮೂರ್ತಿಯ ಮನೆಯಿಂದ ಒಂದು ಕೂಗಿನಷ್ಟು ದೂರ.

“ಮತ್ತೆ ಅವರನ್ನ ಎಂತಕ್ಕೆ ಕೇಳಿದ್ದಮ್ಮ?”

“ಸ್ಥಳೀಯರನ್ನ ಕೇಳ್ಬೇಕು ಅಂತ ನಿಯಮ ಇದೆ ಸರ್, ಕೇಳಿದೆ. ಎಲ್ಲರೂ ಅವರವರಿಗೆ ಅನುಕೂಲ ಆಗೋ ಹಾಗೆ ಹೇಳ್ತಾರೆ. ಮೆಷಿನ್ ಲೆಕ್ಕಕ್ಕೆ ಸರಿಯಾಗಿ ಹೇಳಿದ್ದು ಇವರೊಬ್ಬರೇ. ಎಷ್ಟು ಪ್ರಾಮಾಣಿಕರು ಅಂದ್ಕೊಂಡಿದ್ದೆ.” ವರ್ಷಿಣಿಯ ದನಿಯಲ್ಲಿ ನಿಜವಾದ ಬೇಸರವಿತ್ತು.

ಒಂದು ಕ್ಷಣ ಓಂಕಾರಮೂರ್ತಿ ಅಂಗಡಿ, ಚರಂಡಿ ಎಲ್ಲವನ್ನೂ ಮರೆತ. ಹನ್ನೊಂದು ನಿಜವಾಗಿಯೂ ಬಿದ್ದಿತ್ತು. ಸರ್ಕಾರವೇ ಹೇಳುತ್ತಿತ್ತು. “ಹಾಗಾದ್ರೆ ಮಳೆ ನಮ್ಮಲ್ಲೇ ಜಾಸ್ತಿ ಅಧ್ಯಕ್ಷರೇ,” ಎಂದು ಕೂಗಿಯೇಬಿಟ್ಟ.

“ಅದು ಹೇಗೆ?” ವೆಂಕಟರಾಮ ಬಿಡಲಿಲ್ಲ. “ಏಳು ಅಂತ ಈಗ ತಾನೇ ಸಹಿ ಹಾಕಿದ್ರಿ. ಅಲ್ಲಿಗೆ ನನ್ನ ಹತ್ತೂವರೆಯೇ ಜಾಸ್ತಿ ಆಯ್ತು.”

ಅಧ್ಯಕ್ಷರು ಕನ್ನಡಕ ಹಾಕಿಕೊಂಡು ತೀರ್ಪು ಕೊಟ್ಟರು. “ಸಹಿ ಆದಮೇಲೆ ನಡಾವಳಿ ತಿದ್ದೋಕೆ ಬರಲ್ಲ ಮೂರ್ತಿಯವ್ರೇ. ಚರಂಡಿಗೆ ಮೆಷಿನ್ನಿನ ಲೆಕ್ಕ, ಮರ್ಯಾದೆಗೆ ನಿಮ್ಮ ಲೆಕ್ಕ. ನಕ್ಷೆ ತಿರಸ್ಕಾರ ಆಗಿದೆ. ಬೇರೆ ಜಾಗ ನೋಡ್ಕೊಂಡು ಹೊಸ ಅರ್ಜಿ ಹಾಕಿ.”

ಹೊರಗೆ ಬಂದಾಗ ಗಿರಿಜಾಂಬಾ ಎದ್ದು ನಿಂತಳು. “ಎಂತಾಯ್ತು?”

“ಅಂಗಡಿ ಹೋಯ್ತು ಗಿರಿಜಾ.” ಅವನಿಗೆ ಅಳು ಬಂದಂತಾಯಿತು. “ನಿನಗೋಸ್ಕರ ಎಲ್ಲರ ಎದುರು ನಿಜ ಹೇಳ್ಬಿಟ್ಟೆ. ಮಳೆಗೆ ನಾನು ನಾಲ್ಕು ಇಂಚು ಸೇರಿಸಿ ಹೇಳಿದ್ದು ಅಂತ. ಹೇಳಿದಮೇಲೆ ನೋಡಿದ್ರೆ ನಿಜವಾಗ್ಲೂ ಹನ್ನೊಂದೇ ಬಿದ್ದಿತ್ತಂತೆ. ನನ್ನ ಗ್ಲಾಸಿನಲ್ಲಿ ಏಳೇ ಇತ್ತು, ಈ ಎರಡು ಕಣ್ಣಲ್ಲಿ ನೋಡಿದೀನಿ. ಮಿಕ್ಕ ನಾಲ್ಕು ಎಲ್ಲಿ ಹೋಯ್ತೋ.”

ಗಿರಿಜಾಂಬಾ ನೆಲ ನೋಡುತ್ತ ಹೇಳಿದಳು.

“ನಾನು ಚೆಲ್ಲಿದ್ದೆ.”

“ಎಂತ?”

“ನೀವು ಗ್ಲಾಸು ತಗೊಂಡು ಬರೋ ಮೊದಲು ದಿನಾ ಗೇಜಿಂದ ಒಂದಿಷ್ಟು ಚೆಲ್ತಿದ್ದೆ ರೀ. ನೀವು ಹೇಗೂ ಸೇರಿಸ್ತೀರಿ. ಊರವರ ಎದುರು ನಿಮ್ಮ ಮಾತು ಸುಳ್ಳಾಗೋದು ಬೇಡ ಅಂತ ಮೊದಲೇ ಅಷ್ಟು ತೆಗೆದಿಡ್ತಿದ್ದೆ. ಮೊದಮೊದಲು ಒಂದು ಸೌಟು ಸಾಕಾಗ್ತಿತ್ತು. ಈಚೆಗೆ ನೀವು ಸೇರಿಸೋದು ಜಾಸ್ತಿ ಆಯ್ತು. ಆ ಆಶ್ಲೇಷದ ದಿನ ಖಂಡಿತ ಇವರು ಸುಮ್ಮನಿರಲ್ಲ ಅಂತ ದೊಡ್ಡ ಚೊಂಬು ತಗೊಂಡು ಹೋಗಿದ್ದೆ.”

ಓಂಕಾರಮೂರ್ತಿ ಬೆಂಚಿನ ಮೇಲೆ ಕೂತುಬಿಟ್ಟ. ಅಂದರೆ ಇಷ್ಟು ವರ್ಷ ಅವನು ಗುಂಪಿಗೆ ಹಾಕಿದ್ದೆಲ್ಲ ಹೆಚ್ಚುಕಡಿಮೆ ನಿಜ. ಆ ಇಡೀ ಸೀಮೆಯಲ್ಲಿ ಸರಿಯಾದ ಮಳೆ ಹೇಳುತ್ತಿದ್ದವನು ಅವನೊಬ್ಬನೇ. ಜೀವಮಾನದಲ್ಲಿ ಅವನು ಹೇಳಿದ ಒಂದೇ ಒಂದು ದೊಡ್ಡ ಸುಳ್ಳೆಂದರೆ, ಈಗ ಸಹಿ ಹಾಕಿ ಬಂದದ್ದು.

“ಒಳಗೆ ಬಂದು ಹೇಳ್ಬಾರದಿತ್ತಾ ಗಿರಿಜಾ?”

“ಎಂತ ಅಂತ ಹೇಳ್ಲಿ? ನೀವು ಒಪ್ಕೊಳ್ತೀರಿ ಅಂತ ನನಗೇನು ಗೊತ್ತು?” ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳೋ ಮಳೆಯನ್ನೊರೆಸಿಕೊಂಡಳೋ ತಿಳಿಯಲಿಲ್ಲ. “ನಾಳೆಯಿಂದ ಚೆಲ್ಲಲ್ಲ ಬಿಡಿ.”

“ನಾನೂ ಸೇರಿಸಲ್ಲ. ಗ್ಲಾಸಿನಲ್ಲಿ ಇದ್ದಷ್ಟೇ ಹಾಕ್ತೀನಿ.”

“ಹಾಕಿದ್ರೆ ಯಾರು ನಂಬ್ತಾರೆ? ನಾಲ್ಕು ಜಾಸ್ತಿ ಹೇಳೋರು ಅಂತ ನೀವೇ ಬರೆದುಕೊಟ್ಟು ಬಂದ್ರಿ. ಇನ್ನು ನೀವು ಹನ್ನೊಂದು ಅಂದ್ರೆ ಜನ ನಾಲ್ಕು ಕಳೆದು ಏಳು ಅಂತ ಓದ್ಕೊಳ್ತಾರೆ.”

ಓಂಕಾರಮೂರ್ತಿ ತಲೆಯ ಮೇಲೆ ಕೈ ಹೊತ್ತ. “ಹಾಗಾದ್ರೆ ಎಂತ ಮಾಡೋದು?”

ಗಿರಿಜಾಂಬಾ ಕೊಡೆ ಬಿಚ್ಚಿದಳು.

“ಎಂತ ಮಾಡೋದು. ಇನ್ನು ಮೇಲೆ ನಿಜ ಹೇಳ್ಬೇಕಾದ್ರೆ ನಾಲ್ಕು ಸೇರಿಸೇ ಹೇಳ್ಬೇಕು.”